ಭಾನುವಾರದ ಕೆರೆ ನಡಿಗೆ: ಕ್ಯಾಮೆರಾ ತರುವವರ ಗಮನಕ್ಕೆ

ಎಲ್ಲರಿಗೂ ನಮಸ್ಕಾರ 🙏

ಈ ಭಾನುವಾರ ಬೆಳಿಗ್ಗೆ 6:15ಕ್ಕೆ ಕೆರೆ ಉದ್ಯಾನದ ಮುಖ್ಯ ಗೇಟಿನ ಬಳಿ ಸೇರೋಣ. 8:30ಕ್ಕೆ ಮುಗಿಸೋಣ. ಬಿಸಿಲೇರಿದ ಮೇಲೆ ನೀರಿನ ಮೇಲಿನ ಗಾಳಿ ಕಂಪಿಸಿ ದೂರದ ಚಿತ್ರಗಳು ಕದಡುತ್ತವೆ.

ಮುಖ್ಯ ವಿಷಯ: ಜೊಂಡಿನ ಅಂಚಿನಲ್ಲಿ ಗುಳುಮುಳುಕ (ನೀರಿನಲ್ಲಿ ಮುಳುಗು ಹಾಕುವ ಪುಟ್ಟ ಹಕ್ಕಿ) ಗೂಡು ಕಟ್ಟಿದೆ. ದಯವಿಟ್ಟು ಯಾರೂ ಆ ಕಡೆ ದಡಕ್ಕೆ ಇಳಿಯಬೇಡಿ. ಗೂಡು ಬಿಟ್ಟು ಹೋಗುವಾಗ ಅದು ಕೊಕ್ಕಿನಿಂದ ನೀರುಗಿಡಗಳನ್ನು ಎಳೆದು ಮೊಟ್ಟೆ ಮುಚ್ಚುತ್ತದೆ. ನಾವು ಹಠಾತ್ತನೆ ಹತ್ತಿರ ಹೋದರೆ ಮುಚ್ಚಲು ಸಮಯವಿಲ್ಲದೆ ಹಾಗೇ ಮುಳುಗಿಬಿಡಬಹುದು; ಕಾಗೆಗಳಿಗೆ ಅಷ್ಟೇ ಸಾಕು. ಕಾಲುದಾರಿಯಿಂದಲೇ, ಉದ್ದ ಲೆನ್ಸಿನಲ್ಲಿ ತೆಗೆಯಿರಿ. ಹಕ್ಕಿ ಕತ್ತೆತ್ತಿ ನಿಮ್ಮತ್ತಲೇ ನೋಡತೊಡಗಿದರೆ ಎರಡು ಹೆಜ್ಜೆ ಹಿಂದೆ ಸರಿಯಿರಿ.

ಬೆಳ್ಳಕ್ಕಿಯ ಗರಿಗಳು ಬರೀ ಬಿಳಿ ಮಚ್ಚೆಯಾಗಿ ಬರುತ್ತಿದ್ದರೆ ಎಕ್ಸ್‌ಪೋಷರ್ (ಚಿತ್ರಕ್ಕೆ ಬೀಳುವ ಬೆಳಕು) −0.7ಕ್ಕೆ ಇಳಿಸಿ ನೋಡಿ. ಹಾರುವ ಹಕ್ಕಿಗೆ ಶಟರ್ ವೇಗ 1/2000 ಸೆಕೆಂಡ್, ಸುಮ್ಮನೆ ಕೂತದ್ದಕ್ಕೆ 1/500 ಸಾಕು. ಸೂರ್ಯ ಬೆನ್ನ ಹಿಂದಿರಲಿ.

ಫ್ಲ್ಯಾಶ್ ಬೇಡ. ಮೊಬೈಲಿನಲ್ಲಿ ಹಕ್ಕಿ ಕೂಗು ಹಾಕುವುದು, ಬ್ರೆಡ್ ಎಸೆಯುವುದು ಖಂಡಿತ ಬೇಡ. ಗೂಡಿನ ಫೋಟೊ, ಲೊಕೇಶನ್ ಗುಂಪಿನ ಹೊರಗೆ ಹಂಚಬೇಡಿ.

ಬರುವವರು ಶನಿವಾರ ಸಂಜೆ 6ರೊಳಗೆ ಇಲ್ಲೇ ಹೆಸರು ಹಾಕಿ. ಹೆಚ್ಚುವರಿ ಬೈನಾಕ್ಯುಲರ್ ಇದ್ದವರು ಅದನ್ನೂ ತಿಳಿಸಿ.