ವೈವಾ ಮುಗೀತು, ಒಂದಷ್ಟು ಜನಕ್ಕೆ ಥ್ಯಾಂಕ್ಸ್ ಹೇಳ್ಬೇಕು

ಕೊನೆಗೂ ಪಿಎಚ್‌ಡಿ ಮುಗೀತು ಕಣ್ರಪ್ಪ. ಸೋಷಲಿಸ್ಟ್ ನಾಯಕ ಶಾಂತವೇರಿ ಗೋಪಾಲಗೌಡ್ರು ವಿಧಾನಸಭೇಲಿ ಏನ್ ಮಾತಾಡಿದ್ರು ಅನ್ನೋದು ನನ್ನ ಟಾಪಿಕ್ಕು ಅಂತ ಇಲ್ಲಿರೋ ಎಲ್ರಿಗೂ ಗೊತ್ತು, ಯಾಕಂದ್ರೆ ಮದ್ವೆ ಮನೇಲಿ ಊಟಕ್ಕೆ ಕೂತಾಗ್ಲೂ ಅದನ್ನೇ ಕೊರೀತಿದ್ದೆ. ಸಹಿಸ್ಕೊಂಡಿದ್ದಕ್ಕೆ ಮೊದ್ಲು ನಿಮಗೇ ಥ್ಯಾಂಕ್ಸ್.

ಶುರುವಿನಲ್ಲಿ ಒಬ್ರು ಹಿರಿಯರು "ಮಂತ್ರಿನೂ ಆಗ್ದೇ ಇರೋರ ಮೇಲೆ ಏನಮ್ಮ ಬರೀತೀಯ, ಸಾಧನೆ ಅಂತ ಏನಿದೆ" ಅಂದಿದ್ರು. ಸಿಟ್ಟು ಬಂದಿತ್ತು, ಆದ್ರೆ ಆ ಪ್ರಶ್ನೆನೇ ಆಮೇಲೆ ಥೀಸಿಸ್ ಆಯ್ತು, ಹಾಗಾಗಿ ಅವ್ರಿಗೂ ಒಂದು ನಮಸ್ಕಾರ. 1952ರಲ್ಲಿ ಸಾಗರ-ಹೊಸನಗರದಿಂದ ಗೆದ್ದಾಗ ಗೌಡ್ರಿಗೆ ಇನ್ನೂ ಮೂವತ್ತು ತುಂಬಿರ್ಲಿಲ್ಲ. 99 ಜನರ ಸಭೇಲಿ ಕಾಂಗ್ರೆಸ್‌ನೋರೇ 74, ಸೋಷಲಿಸ್ಟರು ಬೆರಳೆಣಿಕೆ. 57ರಲ್ಲಿ ಸೋತ್ರು, 62 ಮತ್ತೆ 67ರಲ್ಲಿ ತೀರ್ಥಹಳ್ಳಿಯಿಂದ ಬಂದ್ರು. ಅಷ್ಟೂ ಟರ್ಮು ವಿರೋಧ ಪಕ್ಷದ ಬೆಂಚೇ. ವೋಟಿಗೆ ಹಾಕಿದ್ರೆ ಬಿದ್ದೇ ಹೋಗುತ್ತೆ ಅಂತ ಗೊತ್ತಿದ್ದೂ ಎದ್ದು ನಿಂತು ಮಾತಾಡೋರು, ಅದು ನಡಾವಳಿಗೆ, ಅಂದ್ರೆ ಸದನದ ಮಾತುಗಳ ದಾಖಲೆಗೆ ಹೋಗುತ್ತೆ, ಅದನ್ನ ಯಾವ ಬಹುಮತಾನೂ ಅಳಿಸೋಕಾಗಲ್ಲ.

ಆ ನಡಾವಳಿ ಪುಸ್ತಕಗಳನ್ನ ಲೈಬ್ರರಿಯ ಮೇಲಿನ ರ‍್ಯಾಕಿಂದ ಇಳಿಸಿ ಇಳಿಸಿ ಕೊಟ್ಟ ಅಣ್ಣನಿಗೆ ಎಷ್ಟು ಹೇಳಿದ್ರೂ ಸಾಲದು. ಧೂಳು, ಪುಟ ಮುಟ್ಟಿದ್ರೆ ಪುಡಿ, ಮಧ್ಯೆ ಕೊರೊನಾ ಬಂದು ಎಲ್ಲಾ ಬಂದ್. ತೆರೆದ ದಿನ ಅವ್ರೇ ಫೋನ್ ಮಾಡಿ "ಬಾ ಮೇಡಂ, ನಿಮ್ ಗೌಡ್ರು ಕಾಯ್ತಿದಾರೆ" ಅಂದ್ರು! ವಿಧಾನಸೌಧ ಮುಗಿಯೋ ಮುಂಚೆ ಸಭೆ ಅಠಾರ ಕಚೇರೀಲಿ, ಅಂದ್ರೆ ಈಗಿನ ಹೈಕೋರ್ಟಲ್ಲಿ ನಡೀತಿತ್ತು ಅಂತ ನಂಗೆ ಮೊದ್ಲು ಹೇಳಿದ್ದೂ ಅವ್ರೇ.

ಆಮೇಲೆ ಸಾಗರದ ಕಡೆಯ ಅಜ್ಜಂದಿರು. ಕಾಗೋಡು ಸತ್ಯಾಗ್ರಹ, ಅಂದ್ರೆ ಅಲ್ಲಿನ ಗೇಣಿ ರೈತರ ಹೋರಾಟ, ಅಂದ್ರೆ ನಾವು ಸೋಷಲಿಸ್ಟ್ ನಾಯಕ ಲೋಹಿಯಾ ಬಂದ್ರು, ಅರೆಸ್ಟ್ ಆದ್ರು ಅಂತ ಓದ್ತೀವಿ, ಅಜ್ಜಂದಿರು ಶುರು ಮಾಡೋದು ಕೊಳಗದಿಂದ. ಗೇಣಿ ಭತ್ತ ಅಳೆಯೋ ಕೊಳಗ ಒಡೇರ, ಅಂದ್ರೆ ಜಮೀನುದಾರರ ಮನೇಲಿ ದೊಡ್ಡದು, ರೈತಂಗೆ ನಷ್ಟ, ಅದನ್ನ ಕೇಳಿದ್ದಕ್ಕೇ ಜಗಳ. 1951ರಲ್ಲಿ ರೈತ ಮುಖಂಡ ಎಚ್. ಗಣಪತಿಯಪ್ಪನವರ ಜೊತೆ ಗೇಣಿದಾರರು ಬೀದಿಗೆ ಬಂದ್ರು, ಗೋಪಾಲಗೌಡ್ರು ಅಲ್ಲಿದ್ರು, ಮುಂದಿನ ವರ್ಷ ಅದೇ ಗೇಣಿ ವಿಷ್ಯ ಹಿಡ್ಕೊಂಡು ಸದನಕ್ಕೆ ಹೋದ್ರು. ಒಬ್ಬ ಅಜ್ಜ ಅಟ್ಟದ ಮೇಲಿಂದ ಹಳೇ ಕೊಳಗ ಇಳಿಸ್ಕೊಂಡ್ ಬಂದು ತೋರಿಸಿದ್ರಲ್ಲ, ಅವತ್ತು ನನ್ನ ಎರಡನೇ ಚಾಪ್ಟರ್ ಪೂರ್ತಿ ತಿರುಗಾಮುರುಗಾ ಆಯ್ತು. ಈಗ ಅವ್ರಿಲ್ಲ, ಮೊಮ್ಮಕ್ಕಳು ಇದನ್ನ ಓದ್ತಿದ್ರೆ, ನಿಮ್ಮಜ್ಜನಿಂದಾನೇ ಆ ಚಾಪ್ಟರ್.

ಒಂದ್ ಮಾತು ಹೇಳ್ಬಿಡ್ತೀನಿ, ಬೈಕೊಂಡ್ರೂ ಪರ್ವಾಗಿಲ್ಲ. ಗೌಡ್ರು ಅಂದ ಕೂಡ್ಲೇ ಮನೆ ಕಟ್ಲಿಲ್ಲ, "ಒಂದು ವೋಟು ಒಂದು ನೋಟು" ಅಂತ ಜನರತ್ರಾನೇ ಕೇಳಿ ಎಲೆಕ್ಷನ್ ಮಾಡಿದ್ರು ಅನ್ನೋ ಕಥೆಗಳಷ್ಟೇ ಹೇಳಿ ಕೈ ಮುಗಿದು ಬಿಡ್ತೀವಿ. ಅದು ಸುಲಭ. ಅವ್ರ ಭಾಷಣ ಓದೋದು ಕಷ್ಟ, ಯಾಕಂದ್ರೆ ಅಲ್ಲಿ ಗೇಣಿ, ಇನಾಂ, ರಾಜ್ಯಕ್ಕೆ ಕರ್ನಾಟಕ ಅಂತ್ಲೇ ಹೆಸರಿಡಬೇಕು ಅನ್ನೋ ಹಟ, ಎಲ್ಲ ಇದೆ. 1972ರ ಜೂನ್ 9ಕ್ಕೆ ತೀರ್ಕೊಂಡ್ರು, 49 ವರ್ಷ. ಮುಂದಿನ ತಿಂಗಳೇ ಹೆಸರಿನ ನಿರ್ಣಯ ಸದನದಲ್ಲಿ ಪಾಸಾಯ್ತು, 1973ರ ನವೆಂಬರ್ 1ಕ್ಕೆ ಕರ್ನಾಟಕ ಆಯ್ತು. 1974ರಲ್ಲಿ ಮುಖ್ಯಮಂತ್ರಿ ದೇವರಾಜ ಅರಸು ಸರ್ಕಾರದ ಭೂಸುಧಾರಣೆ ಬಂತು, ಉಳೋ ಗೇಣಿದಾರನಿಗೇ ಜಮೀನು ಅಂತ. ಅದನ್ನ ಪಾಸ್ ಮಾಡೋ ಸದನದಲ್ಲಿ ಇವ್ರಿರಲಿಲ್ಲ. ಇವ್ರು ಸದನದಲ್ಲಿ ಕೇಳ್ತಾ ಬಂದಿದ್ದು ಇವ್ರು ಹೋದ್ಮೇಲೆ ಆಯ್ತು, ಆ ಹಿರಿಯರು ಕೇಳಿದ ಸಾಧನೆ ಇದೇ ಅಂತ ನಾನು ವಾದ ಮಾಡಿರೋದು, ಎಗ್ಸಾಮಿನರ್ ಪೂರ್ತಿ ಒಪ್ಪಲಿಲ್ಲ, ಅರಸು ಅವ್ರ ಪಾಲು ಕಮ್ಮಿ ಮಾಡಿದೀಯ ಅಂದ್ರು. ಚರ್ಚೆ ಚೆನ್ನಾಗಿತ್ತು, ಅವ್ರಿಗೂ ಥ್ಯಾಂಕ್ಸ್.

ನಮ್ಮಜ್ಜನೂ ಗೇಣಿದಾರರೇ, ಆ ಕಾನೂನು ಬಂದ್ಮೇಲೆ ಡಿಕ್ಲರೇಶನ್ ಅರ್ಜಿ ಹಾಕಿ ಗದ್ದೆ ಪಡ್ಕೊಂಡೋರು. ಅದೇ ಗದ್ದೆಯ ದುಡ್ಡಲ್ಲಿ ಅಪ್ಪ ನನ್ನ ಹಾಸ್ಟೆಲ್ ಫೀಸ್ ಕಟ್ಟಿದ್ದು. ಫೆಲೋಶಿಪ್ ತಿಂಗಳುಗಟ್ಲೆ ಬರ್ದೇ ಇದ್ದಾಗ "ಬಿಟ್ಟು ಬಾ" ಅಂತ ಒಂದ್ಸಲನೂ ಅನ್ಲಿಲ್ಲ. ಅಮ್ಮ ಅಂದಿದ್ರು, ಅದನ್ನೂ ಬರೀಬೇಕಲ್ಲ. ಗೈಡ್ ಮೇಡಂಗೆ, ಕನ್ನಡ ಟೈಪಿಂಗ್ ಮಾಡ್ಕೊಟ್ಟ ಶಿವಮೊಗ್ಗದ ಡಿಟಿಪಿ ಅಂಗಡಿಯವ್ರಿಗೆ, ರೂಮ್‌ಮೇಟ್‌ಗೆ, ಎಲ್ರಿಗೂ ಪ್ರೀತಿ.

ಪಿಡಿಎಫ್ ಬೇಕಾದೋರು ಮೆಸೇಜ್ ಹಾಕಿ. ಮನೇಲಿ ಸಮಾಜವಾದಿ ಪಕ್ಷದ ಹಳೇ ಕರಪತ್ರ, ಪತ್ರ ಏನಾದ್ರೂ ಇದ್ರೆ ದಯವಿಟ್ಟು ರದ್ದಿಗೆ ಹಾಕ್ಬೇಡಿ, ನಾನೇ ಬಂದು ಫೋಟೋ ತಕ್ಕೊಂಡು ಹೋಗ್ತೀನಿ.