ಮೇಲಿನ ಹೊಂಡ ತುಂಬಿದ ಮೇಲೆ

ಮಾನ್ಯ ಸಂಪಾದಕರೇ,

ಹೋದ ವಾರ ನಿಮ್ಮ ವಾಚಕರ ಪುಟದಲ್ಲಿ ಒಬ್ಬರು ಚಿತ್ರದುರ್ಗದ ಕೋಟೆ ನೋಡಿ ಬಂದು ಬರೆದಿದ್ದರು. ಅಲ್ಲಿ ಕಲ್ಲು ಬಿಟ್ಟರೆ ಏನೂ ಇಲ್ಲ, ನೆರಳೂ ಇಲ್ಲ, ಮಕ್ಕಳಿಗೆ ಬೇಜಾರಾಯಿತು ಅಂತ. ನೆರಳಿಲ್ಲ ಅನ್ನುವುದು ನಿಜ. ಬೇಸಿಗೆಯಲ್ಲಿ ಆ ಬಂಡೆ ಕಾದ ಹಂಚು. ಉಳಿದ ಮಾತಿಗೆ ನನ್ನದೊಂದು ಉತ್ತರ ಇದೆ. ಉದ್ದವಾದರೆ ಕತ್ತರಿಸಿ ಹಾಕಿ, ಬೇಸರವಿಲ್ಲ.

ನಾನು ಚಳ್ಳಕೆರೆ ತಾಲ್ಲೂಕಿನ ಒಂದು ಹಳ್ಳಿಯಲ್ಲಿ 31 ವರ್ಷ ನೀರುಗಂಟಿಯಾಗಿದ್ದವನು. ಬೆಳಗ್ಗೆ 5ಕ್ಕೆ ಎದ್ದು ಮೋಟರ್ ಹಾಕುವುದು, ಟ್ಯಾಂಕ್ ತುಂಬಿಸುವುದು, ಒಂದೊಂದೇ ಬೀದಿಗೆ ವಾಲ್ವ್ ತಿರುಗಿಸಿ ನೀರು ಬಿಡುವುದು. ಕೆಲಸಕ್ಕೆ ಸೇರಿದಾಗ ನಮ್ಮೂರಲ್ಲಿ 200 ಅಡಿಗೆ ನೀರು ಸಿಗುತ್ತಿತ್ತು. ಕೆಲಸ ಬಿಡುವ ಹೊತ್ತಿಗೆ 800 ಅಡಿ ಕೊರೆದರೂ ಬರೀ ದೂಳು. ದೇವರು ದಿಂಡರು ಅಂತ ನಾನು ಜಾಸ್ತಿ ತಿರುಗಿದವನಲ್ಲ. ಜಾತ್ರೆಯ ದಿನವೇ ಯಾವುದಾದರೂ ಪೈಪ್ ಒಡೆದಿರುತ್ತಿತ್ತು.

ದಸರಾ ರಜೆಗೆ ಮೊಮ್ಮಗಳು ಬಂದಿದ್ದಳು. ಏಳನೇ ಕ್ಲಾಸು. ಕೋಟೆ ತೋರಿಸು ತಾತ ಅಂತ ಹಟ ಹಿಡಿದಳು. ಹಿಂದಿನ ರಾತ್ರಿ ಜೋರು ಮಳೆ ಬಂದಿತ್ತು. ಬೆಳಗ್ಗೆ ಬಸ್ ಹತ್ತಿ ಹೋದೆವು. ನಾನು ಹಿಂದೆ ಕೋಟೆಗೆ ಹೋಗಿದ್ದು ಮದುವೆಯಾದ ಹೊಸತರಲ್ಲಿ. ಆಗ ನಾನು ಕೋಟೆ ನೋಡಿದ್ದು ಕಮ್ಮಿ ಬಿಡಿ.

ಬಾಗಿಲು ದಾಟಿ ಬಾಗಿಲು, ತಿರುವು ದಾಟಿ ತಿರುವು. ಹಾವು ಹರಿದ ಹಾಗೆ ದಾರಿ. ಗಾರೆ ಇಲ್ಲದೆ ಕಲ್ಲಿಗೆ ಕಲ್ಲು ಕೂರಿಸಿದ ಗೋಡೆ. ಸಿಡಿಮದ್ದು ಬೀಸುತ್ತಿದ್ದ ದೊಡ್ಡ ಕಲ್ಲುಗಳನ್ನು ಆನೆ ಕಟ್ಟಿ ತಿರುಗಿಸುತ್ತಿದ್ದರು ಅಂದಾಗ ಹುಡುಗಿ ಕಣ್ಣು ಬಿಟ್ಟು ನೋಡಿದಳು. ಏಕನಾಥೇಶ್ವರಿ ಗುಡಿಯಲ್ಲಿ ಕೈ ಮುಗಿದೆವು. ಹಿಡಿಂಬೇಶ್ವರ ಗುಡಿಯಲ್ಲೂ ಮುಗಿದೆವು. ನಿಜ ಹೇಳಬೇಕು ಅಂದರೆ ಎರಡು ಕಡೆಯೂ ನನ್ನ ಮನಸ್ಸಿನಲ್ಲಿ ಇದ್ದದ್ದು ಮಂಡಿ ನೋವು. ಮಂಗಗಳು ಚೀಲಕ್ಕೆ ಬಾಯಿ ಹಾಕದ ಹಾಗೆ ನೋಡಿಕೊಳ್ಳುವುದು ಇನ್ನೊಂದು ಕೆಲಸ.

ಗೋಪಾಲಸ್ವಾಮಿ ಹೊಂಡದ ಹತ್ತಿರ ಬಂದಾಗ ಕಾಲು ನಿಂತವು. ಹೊಂಡ ತುಂಬಿತ್ತು. ತುಂಬಿ ಹೆಚ್ಚಾದ ನೀರು ಕಲ್ಲಿನ ಸಂದಿಯಲ್ಲಿ ಕೆಳಕ್ಕೆ ಇಳಿಯುತ್ತಿತ್ತು. ಜೋರಾಗಿ ಅಲ್ಲ, ನಲ್ಲಿಯನ್ನು ಅರ್ಧ ತಿರುಗಿಸಿದರೆ ಬರುವಷ್ಟು. ಬೇರೆಯವರಿಗೆ ಅದು ಸುಮ್ನೆ ನೀರು. 31 ವರ್ಷ ವಾಲ್ವ್ ತಿರುಗಿಸಿದವನ ಕಿವಿಗೆ ಆ ಸದ್ದೇ ಬೇರೆ. ಎಲ್ಲಿಗೆ ಹೋಗುತ್ತಿದೆ ಅಂತ ನೋಡಿಕೊಂಡೇ ಇಳಿದೆ. ಮೇಲಿನ ಈ ಹೊಂಡ ತುಂಬಿದರೆ ಅಕ್ಕ ತಂಗಿ ಹೊಂಡಕ್ಕೆ, ಅಲ್ಲಿಂದ ಸಿಹಿನೀರು ಹೊಂಡಕ್ಕೆ, ಕೊನೆಗೆ ಕೆಳಗೆ ಊರೊಳಗಿನ ಸಂತೆ ಹೊಂಡಕ್ಕೆ. ಬಂಡೆ ಮೇಲೆ ಬಿದ್ದ ಮಳೆಯನ್ನು ಹೀಗೆ ಮೆಟ್ಟಿಲು ಇಳಿಸಿಕೊಂಡು ಹೋಗಿದ್ದಾರೆ ನಮ್ಮ ನಾಯಕರ ಕಾಲದವರು. ಮೋಟರ್ ಇಲ್ಲ, ಕರೆಂಟಿಲ್ಲ.

‘ತಾತ, ಈ ನೀರು ಬಿಡೋರು ಯಾರು?’ ಅಂದಳು ಹುಡುಗಿ.

‘ಯಾರೂ ಇಲ್ಲ ಕಣಮ್ಮ’ ಅಂದೆ. ಅಂದವನಿಗೆ ಮುಂದೆ ಮಾತು ಹೊರಡಲಿಲ್ಲ.

ಅಕ್ಕ ತಂಗಿ ಹೊಂಡದ ದಡದಲ್ಲಿ ಕೂತೆ. ಹುಡುಗಿ ಮೆಟ್ಟಿಲ ಮೇಲೆ ಕೂತು ಕಪ್ಪೆ ನೋಡುತ್ತಿದ್ದಳು. ನನಗೆ ನೆನಪಾದದ್ದು ನಮ್ಮೂರಿನ ಒಬ್ಬ ಅಜ್ಜಿ. ಅದೊಂದು ಕೆಟ್ಟ ಬೇಸಿಗೆ. ಕರೆಂಟ್ ದಿನಕ್ಕೆ ಮೂರು ಗಂಟೆ. ಮೇಲಿನ ಬೀದಿಯಲ್ಲಿ ದೊಡ್ಡವರ ಮನೆಗಳು. ಅವರ ತೊಟ್ಟಿ ತುಂಬುವ ತನಕ ನಾನು ವಾಲ್ವ್ ಮುಟ್ಟುತ್ತಿರಲಿಲ್ಲ. ಯಾರೂ ಹಾಗೆ ಮಾಡು ಅಂತ ಬಾಯಿ ಬಿಟ್ಟು ಹೇಳಿರಲಿಲ್ಲ. ಹಬ್ಬಕ್ಕೆ ಒಂದು ಪಂಚೆ, ಮಗಳ ಮದುವೆಗೆ ಒಂದಿಷ್ಟು ಅಕ್ಕಿ, ಅಷ್ಟೇ. ಕೆಳಗಿನ ಕೇರಿಗೆ ಬಿಡುವ ಹೊತ್ತಿಗೆ ಟ್ಯಾಂಕಿನ ತಳ ಕಾಣುತ್ತಿತ್ತು. ಆ ಅಜ್ಜಿ ಎರಡು ಬಿಂದಿಗೆ ಇಟ್ಟುಕೊಂಡು ಒಣ ನಲ್ಲಿ ಹತ್ತಿರ ಕತ್ತಲಾಗುವ ತನಕ ಕೂತಿದ್ದಳು. ನಾನು ಸೈಕಲ್ ಮೇಲೆ ಆ ದಾರಿಯಲ್ಲೇ ಬಂದೆ. ಬೈಯುತ್ತಾಳೆ ಅಂದುಕೊಂಡೆ. ‘ಇರಲಿ ಬಿಡಪ್ಪ, ನಾಳೆ ಬರ್ತೀನಿ’ ಅಂದು ಖಾಲಿ ಬಿಂದಿಗೆ ಎತ್ತಿಕೊಂಡು ಹೋದಳು. ಬೈದಿದ್ದರೆ ಅವತ್ತೇ ಮರೆತುಬಿಡುತ್ತಿದ್ದೆನೇನೋ.

ಅವಳು ತೀರಿಕೊಂಡು ಎಷ್ಟೋ ವರ್ಷವಾಯಿತು. ಯಾವ ಗುಡಿಯಲ್ಲೂ ನಾನು ಈ ವಿಷಯ ಬಾಯಿ ಬಿಟ್ಟವನಲ್ಲ. ಹೆಂಡತಿಗೂ ಹೇಳಿರಲಿಲ್ಲ. ಅವತ್ತು ಆ ನೀರಿನ ಮುಂದೆ ಕೂತು ಒಳಗೊಳಗೇ ಎಲ್ಲ ಹೇಳಿದೆ. ಯಾರಿಗೆ ಹೇಳಿದೆ ಅಂತ ಕೇಳಬೇಡಿ, ನನಗೂ ಗೊತ್ತಿಲ್ಲ. ಮೇಲಿನಿಂದ ನೀರು ಬರುತ್ತಲೇ ಇತ್ತು. ಇಲ್ಲೂ ಮೇಲಿನ ಹೊಂಡಕ್ಕೇ ಮೊದಲು. ಆದರೆ ತನ್ನದು ತುಂಬಿದ ಮೇಲೆ ಅದು ಒಂದು ಹನಿಯನ್ನೂ ಹಿಡಿದು ಇಟ್ಟುಕೊಳ್ಳಲಾರದು. ಇಷ್ಟು ಸಣ್ಣ ವಿಷಯಕ್ಕೆ ನನ್ನ ಕಣ್ಣಲ್ಲಿ ನೀರು ಬಂತು. ಹುಡುಗಿ ನೋಡಿದಳು, ಏನೂ ಕೇಳಲಿಲ್ಲ. ಮಧ್ಯಾಹ್ನದ ತನಕ ಕೂತಿದ್ದೆವು. ತಂದಿದ್ದ ಚಿತ್ರಾನ್ನ ಅಲ್ಲೇ ತಿಂದೆವು.

ನಾಯಕರ ಕಾಲದಲ್ಲಿ ಎಲ್ಲ ಕೇರಿಗೂ ಸಮನಾಗಿ ನೀರಿತ್ತು ಅಂತ ನಾನು ಹೇಳುವುದಿಲ್ಲ. ಹೊಂಡದ ದಡಕ್ಕೆ ಯಾರು ಬರಬಹುದಿತ್ತು, ಯಾರು ಬರಬಾರದಿತ್ತು, ಆ ಲೆಕ್ಕ ನಮ್ಮ ಹಳ್ಳಿಗಳಲ್ಲಿ ಹುಟ್ಟಿದವರಿಗೆ ಯಾರೂ ಕಲಿಸಬೇಕಿಲ್ಲ. ನಾನು ಹೇಳುತ್ತಿರುವುದು ನೀರಿನ ಮಾತು, ಅರಸರದ್ದಲ್ಲ. 1779ರಲ್ಲಿ ಕೋಟೆ ಹೈದರಾಲಿಯ ಕೈಗೆ ಹೋಯಿತು. ಮದಕರಿ ನಾಯಕ ಸೆರೆಯಾದ. ಅರಮನೆಯಲ್ಲಿ ಉಳಿದಿರುವುದು ಮಣ್ಣಿನ ಗೋಡೆ. ಎಣ್ಣೆ ಕೊಳದಲ್ಲಿ ಎಣ್ಣೆ ಇಲ್ಲ, ಟಂಕಸಾಲೆಯಲ್ಲಿ ನಾಣ್ಯವಿಲ್ಲ, ಕಣಜದಲ್ಲಿ ಕಾಳಿಲ್ಲ. ಆ ಕೋಟೆಯಲ್ಲಿ ಇವತ್ತಿಗೂ ಡ್ಯೂಟಿ ಮಾಡುತ್ತಿರುವುದು ನೀರೊಂದೇ.

2022ರಲ್ಲಿ ವಾಣಿವಿಲಾಸ ಸಾಗರ ಕೋಡಿ ಬಿದ್ದಾಗಲೂ ನಾನು ಹೋಗಿದ್ದೆ. 1933ರ ನಂತರ ಅದೇ ಮೊದಲು. ಎಂಥಾ ಜನ ಅಂತೀರಿ! ಅರಿಶಿನ ಕುಂಕುಮ, ತೆಂಗಿನಕಾಯಿ, ಬಾಗಿನ. ನಾನೂ ಖುಷಿಪಟ್ಟೆ. ಅದು ಹಬ್ಬ. ಕೋಟೆಯಲ್ಲಿ ಆದದ್ದು ಹಬ್ಬವಲ್ಲ, ಬೇರೆ ಏನೋ. ಅದಕ್ಕೆ ಏನು ಹೆಸರು ಇಡಬೇಕೋ ಓದಿದವರು ಇಡಲಿ.

ಇಳಿಯುವಾಗ ಒನಕೆ ಓಬವ್ವನ ಕಿಂಡಿಗೆ ಹೋದೆವು. ಒಬ್ಬ ಗೈಡ್ ಇಪ್ಪತ್ತು ಜನಕ್ಕೆ ಕಥೆ ಹೇಳುತ್ತಿದ್ದ. ಚೆನ್ನಾಗಿಯೇ ಹೇಳಿದ, ಒನಕೆ ಬೀಸಿಯೂ ತೋರಿಸಿದ. ಪಕ್ಕದಲ್ಲಿ ತಣ್ಣೀರು ದೋಣಿ ಅನ್ನುವ ನೀರಿನ ಜಾಗದ ಕಡೆ ಯಾರೂ ತಿರುಗಿ ನೋಡಲಿಲ್ಲ. ಅಲ್ಲ ಸ್ವಾಮಿ, ಆ ತಾಯಿ ಮನೆಯಿಂದ ಹೊರಟಿದ್ದು ಯುದ್ಧಕ್ಕಲ್ಲ. ಗಂಡ ಊಟಕ್ಕೆ ಕೂತಿದ್ದ, ಕುಡಿಯಲು ನೀರಿರಲಿಲ್ಲ, ನೀರು ತರಲು ಬಂದಳು. ನಮಗೆ ಒನಕೆ ನೆನಪಿದೆ, ಕೊಡ ಮರೆತುಹೋಗಿದೆ.

ಈಗ ಪತ್ರದ ಮುಖ್ಯ ವಿಷಯಕ್ಕೆ ಬರುತ್ತೇನೆ. ಕೋಟೆ ನೋಡಿಕೊಳ್ಳುವವರಲ್ಲಿ ನನ್ನ ಬೇಡಿಕೆ ಎರಡೇ. ಮೇಲಿನಿಂದ ಸಂತೆ ಹೊಂಡದ ತನಕ ನೀರಿನ ದಾರಿ ತೋರಿಸುವ ಒಂದು ಬೋರ್ಡ್ ಹಾಕಿಸಿ, ಮಕ್ಕಳಿಗೂ ಅರ್ಥವಾಗುವ ಹಾಗೆ ಒಂದು ಚಿತ್ರ ಇದ್ದರೆ ಸಾಕು. ನೀರು ಇಳಿಯುವ ಸಂದಿಗಳಲ್ಲಿ ಸೇರಿಕೊಂಡಿರುವ ಪ್ಲಾಸ್ಟಿಕ್ ತೆಗೆಸಿ. ನಾನು ಕೂತಿದ್ದ ಕಡೆಯೇ ಏಳು ಬಾಟಲಿ, ಮೂರು ಚಿಪ್ಸ್ ಪ್ಯಾಕೆಟ್ ಸಿಕ್ಕಿದವು. ಕೈ ಹಾಕಿ ತೆಗೆದಾಗ ನೀರಿನ ಸದ್ದು ಸ್ವಲ್ಪ ಬದಲಾಯಿತು. ಹುಡುಗಿಗೂ ಗೊತ್ತಾಯಿತು.

ಪತ್ರ ಬರೆದಿದ್ದ ಆ ವಾಚಕರಿಗೆ ಒಂದು ಮಾತು. ಮುಂದಿನ ಸಲ ಮಳೆ ಬಂದ ಮರುದಿನ ಬೆಳಗ್ಗೆ ಬನ್ನಿ. ಎಲ್ಲ ನೋಡಲೇಬೇಕು ಅಂತ ಓಡಬೇಡಿ, ಒಂದು ಹೊಂಡ ಸಾಕು. ಖಾಲಿ ಬಾಟಲಿ ವಾಪಸ್ ತನ್ನಿ. ಇಳಿದು ಬಂದಾಗ ಬಾಗಿಲ ಹತ್ತಿರ ಸೀತಾಫಲ ಮಾರುವ ಹೆಂಗಸರು ಕೂತಿರುತ್ತಾರೆ. ಚೌಕಾಸಿ ಮಾಡಬೇಡಿ, ಹಣ್ಣು ಚೆನ್ನಾಗಿರುತ್ತದೆ.

— ಒಬ್ಬ ನಿವೃತ್ತ ನೀರುಗಂಟಿ, ಚಳ್ಳಕೆರೆ ತಾಲ್ಲೂಕು