ಅಕ್ಕನಿಗೆ, ಮತ್ತು ಈ ವರ್ಷ ನನ್ನ ಜೊತೆ ನಿಂತ ಎಲ್ಲರಿಗೂ

ಎಂಡೋಸ್ಕೋಪಿಯಲ್ಲಿ ಹೊಟ್ಟೆ ಕಿರಿದು ಮಾಡಿಸಿಕೊಂಡು ಈ ವಾರಕ್ಕೆ ಒಂದು ವರ್ಷ ತುಂಬಿತು. 92 ಕೆ.ಜಿ. ಇದ್ದವಳು 78ಕ್ಕೆ ಬಂದಿದ್ದೇನೆ. ಸಕ್ಕರೆ ಕಾಯಿಲೆಯ ಮಾತ್ರೆಯನ್ನು ಡಾಕ್ಟರು ಅರ್ಧಕ್ಕೆ ಇಳಿಸಿದ್ದಾರೆ. ಶಾಲೆಯಲ್ಲಿ ಮೆಟ್ಟಿಲು ಹತ್ತಿ ಹೋದ ಮೇಲೆ ಕುರ್ಚಿ ಹಿಡಿದು ಉಸಿರು ಸುಧಾರಿಸಿಕೊಳ್ಳದೆ ಪಾಠ ಶುರು ಮಾಡುತ್ತೇನೆ. ಇದಕ್ಕಾಗಿ ಎಷ್ಟೋ ಜನರಿಗೆ ಧನ್ಯವಾದ ಹೇಳಬೇಕು. ಆದರೆ ಎಲ್ಲರೂ ಓದುವ ಹಾಗೆ ಬರೆಯುತ್ತಿರುವುದಕ್ಕೆ ಇನ್ನೊಂದು ಕಾರಣ, ನಾನು ಅಕ್ಕ ಎಂದೇ ಕರೆಯುವ ನನ್ನ ಓರಗಿತ್ತಿಯ ಬಗ್ಗೆ ನೆಂಟರಲ್ಲಿ ಓಡಾಡುತ್ತಿರುವ ಮಾತು: "ಹೊಟ್ಟೆ ಹೊಲಿಸಿಕೊಳ್ಳೋಕೆ ಅವಳೇ ಕುಮ್ಮಕ್ಕು ಕೊಟ್ಟಳಂತೆ."

ಕುಮ್ಮಕ್ಕು ಯಾರೂ ಕೊಟ್ಟಿಲ್ಲ. ನಿರ್ಧಾರ ನನ್ನದು. ಇಳಿಸಿ, ಏರಿಸಿಕೊಂಡು, ಮತ್ತೆ ಇಳಿಸಿದ ವರ್ಷಗಳನ್ನು ನೀವೆಲ್ಲ ಕಣ್ಣಾರೆ ಕಂಡಿದ್ದೀರಿ, ಅದನ್ನು ಮತ್ತೆ ಹೇಳುವುದಿಲ್ಲ. ಡಾಕ್ಟರು ಮೊದಲ ದಿನವೇ ಎಲ್ಲವನ್ನೂ ಬಿಡಿಸಿ ಹೇಳಿದ್ದರು. ಹೊಟ್ಟೆ ಕೊಯ್ಯುವುದಿಲ್ಲ, ಏನನ್ನೂ ತೆಗೆಯುವುದಿಲ್ಲ. ಬಾಯಿಂದ ಎಂಡೋಸ್ಕೋಪ್ ಎಂಬ ಕ್ಯಾಮೆರಾ ಇರುವ ಕೊಳವೆ ಇಳಿಸಿ ಜಠರದ ಗೋಡೆಯನ್ನು ಒಳಗಿನಿಂದಲೇ ಸೀರೆಯ ನೆರಿಗೆಯ ಹಾಗೆ ಮಡಿಸಿ ಹೊಲಿಯುತ್ತಾರೆ, ಊಟ ಹಿಡಿಸುವ ಜಾಗ ಸುಮಾರು ಶೇ 70ರಷ್ಟು ಕಡಿಮೆಯಾಗುತ್ತದೆ. 2022ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಅಮೆರಿಕದ ಅಧ್ಯಯನದಲ್ಲಿ, ಇದನ್ನು ಮಾಡಿಸಿಕೊಂಡವರು ಒಂದು ವರ್ಷದಲ್ಲಿ ಸರಾಸರಿ ಶೇ 13.6ರಷ್ಟು ತೂಕ ಇಳಿಸಿದ್ದರಂತೆ. ಜಠರದ ಭಾಗವನ್ನೇ ಕತ್ತರಿಸಿ ತೆಗೆಯುವ ಸ್ಲೀವ್ ಆಪರೇಷನ್‌ನಲ್ಲಿ ಇದಕ್ಕಿಂತ ಹೆಚ್ಚು ಇಳಿಯುತ್ತದೆ ಎಂಬುದನ್ನೂ ಅವರೇ ತಿಳಿಸಿದರು. "ಊಟದ ಕ್ರಮ ಬಿಟ್ಟರೆ ಹೊಲಿಗೆಯೊಂದರಿಂದ ಏನೂ ಆಗಲ್ಲಮ್ಮ" ಎಂದರು. ಇಲ್ಲದ ಆಸೆ ಹುಟ್ಟಿಸದ ಅವರಿಗೆ ನಾನು ಋಣಿ.

ಅಕ್ಕ ಮಾಡಿದ್ದು ಏನು ಅಂತ ಈಗ ಹೇಳುತ್ತೇನೆ. ಬೊಜ್ಜಿನ ಆಪರೇಷನ್‌ಗೆ ವಿಮೆ ಸಿಗಬೇಕೆಂದರೆ ಬಿಎಂಐ, ಅಂದರೆ ಎತ್ತರಕ್ಕೆ ಹೋಲಿಸಿದ ತೂಕದ ಲೆಕ್ಕ, 40 ಇರಬೇಕು, ಇಲ್ಲವೇ 35ರ ಜೊತೆಗೆ ಗಂಭೀರ ಕಾಯಿಲೆ ಇರಬೇಕು. ನನ್ನದು 34. ಕೈಯಿಂದಲೇ ಕಟ್ಟಬೇಕಾಯಿತು. ಕಡಿಮೆ ಬಿದ್ದ ಹಣವನ್ನು ಅಕ್ಕ ತಂದುಕೊಟ್ಟರು. ಅದು ಅವರ ಚೀಟಿ ಎತ್ತಿದ ಹಣ ಎಂದು ನನಗೆ ಗೊತ್ತಾಗಿದ್ದು ತಿಂಗಳುಗಳ ಮೇಲೆ, ಅದೂ ಭಾವ ಬಾಯಿತಪ್ಪಿ ಹೇಳಿದಾಗ.

ಆಸ್ಪತ್ರೆಯಿಂದ ಮಾರನೇ ದಿನ ಕಳಿಸಿದರು. ಮಗನ ಪರೀಕ್ಷೆ ಇದ್ದುದರಿಂದ ಇವರು ದಾವಣಗೆರೆಗೆ ಹೋಗಲೇಬೇಕಿತ್ತು. ನಾನು ವಿಜಯನಗರದಲ್ಲಿ ಅಕ್ಕನ ಮನೆಯಲ್ಲಿ ಉಳಿದೆ. ಮೊದಲ ಕೆಲವು ದಿನ ಓಕರಿಕೆ, ಹೊಟ್ಟೆ ಹಿಂಡುವ ನೋವು ಇರುತ್ತದೆ ಎಂದು ಹೇಳಿಯೇ ಕಳಿಸಿದ್ದರು. ಹೇಳಿಸಿಕೊಂಡಿದ್ದೇ ಬೇರೆ, ಆ ರಾತ್ರಿಯೇ ಬೇರೆ. ಸಂಜೆಯಿಂದ ಹಿಡಿದ ವಾಂತಿ ನಿಲ್ಲಲಿಲ್ಲ. ಒಳಗೆ ಏನೂ ಇರಲಿಲ್ಲ, ಆದರೂ ಹೊಟ್ಟೆ ತಿರುಚಿ ತಿರುಚಿ ಬರುತ್ತಿತ್ತು. ಅಕ್ಕ ಆಸ್ಪತ್ರೆಗೆ ಫೋನ್ ಮಾಡಿದರು. ನರ್ಸ್ ಕೇಳಿದ್ದನ್ನೆಲ್ಲ ಒಂದೊಂದಾಗಿ ನೋಡಿದರು: ಜ್ವರ ಇದೆಯಾ, ವಾಂತಿಯಲ್ಲಿ ರಕ್ತ ಇದೆಯಾ. ಬೇಸನ್ನನ್ನು ಕಿಟಕಿಯ ಹತ್ತಿರ ಒಯ್ದು, ಮೊಬೈಲ್ ಟಾರ್ಚ್ ಹಿಡಿದು, ಅದನ್ನೇ ಬಗ್ಗಿ ನೋಡುತ್ತಿದ್ದರು. ಮುಖದಲ್ಲಿ ಚೂರೂ ಅಸಹ್ಯವಿಲ್ಲ. ಆಮೇಲೆ ಬಂದು, ಕೆಮ್ಮಿನ ಸಿರಪ್ ಬಾಟಲಿಯ ಮುಚ್ಚಳದಲ್ಲಿ ನೀರು ಹಾಕಿ ತುಟಿಗೆ ಹಿಡಿದರು. ಒಂದು ಗುಟುಕು. ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು.

ಯಾವಾಗಲೋ ನಡುರಾತ್ರಿ ನಾನು ಜೋರಾಗಿ ಅತ್ತುಬಿಟ್ಟೆ. "ಅಕ್ಕಾ, ನನಗಿದು ಬೇಡ, ಬಿಚ್ಚಿಸಿಬಿಡಿ" ಅಂದೆ. ಅವರು, "ಬೆಳಗಾಗ್ಲಿ, ಡಾಕ್ಟರನ್ನ ಕೇಳೋಣ. ಈಗ ಇದೊಂದು ಗುಟುಕು ಕುಡಿ" ಅಂದರು, ಅಷ್ಟೇ.

ಇದು ಎಷ್ಟು ದೊಡ್ಡದು ಅಂತ ದಪ್ಪಗಿದ್ದು ಬದುಕಿದವರಿಗೆ ಗೊತ್ತು. ನಮಗೆ ನೋವು ಬಂದರೆ ಜನ ಮೊದಲು ಹುಡುಕುವುದು ನಮ್ಮ ತಪ್ಪನ್ನು. ಮಂಡಿ ನೋವೆಂದರೆ ಇಳಿಸು, ಬೆನ್ನು ನೋವೆಂದರೆ ಇಳಿಸು, ನಿದ್ದೆ ಬರಲ್ಲ ಎಂದರೂ ಇಳಿಸು. ಇಳಿಸಲೆಂದು ಹೋದರೆ "ಬಾಯಿ ಕಟ್ಟೋಕಾಗದೆ ಅಡ್ಡದಾರಿ ಹಿಡಿದಳು." ಕಾಲೇಜಿನ ದಿನಗಳಿಂದ ಕೇಳಿದ ಅಷ್ಟೂ ಮಾತು ಆ ರಾತ್ರಿ ನನ್ನ ತಲೆಯಲ್ಲಿ ಸುತ್ತುತ್ತಿತ್ತು. ಅಕ್ಕ ಅದರಲ್ಲಿ ಒಂದನ್ನೂ ಆಡಲಿಲ್ಲ. ನನ್ನನ್ನು ನೋವಿನಲ್ಲಿರುವ ಮನುಷ್ಯಳಾಗಿ ಮಾತ್ರ ನೋಡಿದರು. ಹಾಗೆ ನೋಡಿಸಿಕೊಂಡು ನನಗೆ ಅಭ್ಯಾಸವೇ ಇರಲಿಲ್ಲ. ಬರೆಯುತ್ತಾ ಈಗಲೂ ಗಂಟಲು ಕಟ್ಟುತ್ತಿದೆ.

ಬೆಳಿಗ್ಗೆ ಆಸ್ಪತ್ರೆಗೆ ಕರೆದೊಯ್ದು ಡ್ರಿಪ್ ಹಾಕಿಸಿದರು, ವಾಂತಿ ನಿಂತಿತು. ಆಮೇಲಿನ ವಾರಗಳಲ್ಲಿ ಗಂಜಿತಿಳಿ, ಬೇಳೆಕಟ್ಟು, ಬಟ್ಟೆಯಲ್ಲಿ ಸೋಸಿದ ರಾಗಿ ಅಂಬಲಿ, ಎಲ್ಲ ಅಕ್ಕನ ಕೈಯದೇ. ಮೊನ್ನೆ ಮೈದುನನ ಮದುವೆಯ ಪಂಕ್ತಿಯಲ್ಲೂ, "ಇನ್ನೊಂದು ಹೋಳಿಗೆ ಹಾಕಿಸ್ಕೊಳ್ಳಮ್ಮ, ಏನೂ ಆಗಲ್ಲ" ಎಂದು ಬಡಿಸುವವರು ಎಲೆಯ ಮುಂದೆ ನಿಂತಾಗ, ಎದುರು ಸಾಲಿನಿಂದ "ಅವಳು ಸಾಕು ಅಂದ್ಳಲ್ಲ" ಎಂದವರು ಅವರೇ.

ಮನೆ, ಮಗ, ಅಡುಗೆ ಮೂರನ್ನೂ ಹೊತ್ತ ಇವರಿಗೆ, ರಾತ್ರಿ ಹೊತ್ತೂ ಫೋನ್ ಎತ್ತಿದ ಆಸ್ಪತ್ರೆಯ ಸಿಸ್ಟರ್‌ಗಳಿಗೆ, ಮುದ್ದೆ ಬಿಡಿಸದೆ ಅದರ ಅಳತೆ ಹೇಳಿಕೊಟ್ಟ ಡಯಟೀಷಿಯನ್‌ಗೆ, ನನ್ನ ಪೀರಿಯಡ್‌ಗಳನ್ನು ಹಂಚಿಕೊಂಡ ಸಹೋದ್ಯೋಗಿಗಳಿಗೆ, ಸಂಜೆ ವಾಕಿಂಗ್‌ಗೆ ಜೊತೆ ಬರುವ ನಮ್ಮ ಬೀದಿಯ ಗೆಳತಿಯರಿಗೆ ನಾನು ತುಂಬು ಮನಸ್ಸಿನಿಂದ ಕೃತಜ್ಞಳು.

ನೆಂಟರಲ್ಲಿ ಒಂದು ವಿನಂತಿ. ನನ್ನ ಚಿಕಿತ್ಸೆಯ ಬಗ್ಗೆ ಏನೇ ಕೇಳುವುದಿದ್ದರೂ ನನ್ನನ್ನೇ ಕೇಳಿ, ಗೊತ್ತಿರುವಷ್ಟು ಹೇಳುತ್ತೇನೆ. ಅಕ್ಕನನ್ನು ಇನ್ನು ಪ್ರಶ್ನೆ ಮಾಡಬೇಡಿ.

ಅಕ್ಕಾ, ಈ ಸಲದ ಗೌರಿ ಬಾಗಿನವನ್ನು ಕೊರಿಯರ್ ಮಾಡಲ್ಲ, ನಾನೇ ತರ್ತೀನಿ. ಎರಡು ದಿನ ಉಳಿಯೋ ಹಾಗೆ ರಜೆನೂ ಹಾಕಿದ್ದೀನಿ.